ರಾಸಾಯನಿಕ ವಸ್ತುಗಳ ಗಣತಿ ಮತ್ತು ನೋಂದಣಿ

ನಿತ್ಯ ದಾಸೋಹ ನಡೆಯುವ ಮಠಗಳಲ್ಲಿ ಉಗ್ರಾಣವೆಂಬುದು ಒಂದು ಪ್ರತ್ಯೇಕ ವ್ಯವಸ್ಥೆ. ಭಕ್ತರು ಹೊತ್ತು ತಂದ ಜೋಳ, ಅಕ್ಕಿ, ಬೇಳೆ, ಬೆಲ್ಲಗಳು ನೇರವಾಗಿ ಅಡುಗೆಮನೆಗೆ ಹೋಗುವುದಿಲ್ಲ. ಉಗ್ರಾಣದ ಹೊಣೆ ಹೊತ್ತವರು ಚೀಲ ಬಿಚ್ಚಿ ನೋಡಿ, ತೂಕ ಮಾಡಿ, ತಂದವರ ಹೆಸರು ಊರುಗಳೊಡನೆ ಪುಸ್ತಕದಲ್ಲಿ ಬರೆದುಕೊಂಡ ಅನಂತರವೇ ಅವು ಒಳಗೆ ಸೇರುತ್ತವೆ. ಸಾವಿರಾರು ಮಂದಿ ಒಂದೇ ಪಂಕ್ತಿಯಲ್ಲಿ ಉಣ್ಣುವ ಕಡೆ ಒಂದು ಚೀಲದ ಕೇಡು ಒಬ್ಬರ ಕೇಡಾಗಿ ನಿಲ್ಲದು ಎಂಬ ಅರಿವೇ ಈ ಎಚ್ಚರಿಕೆಗೆ ಕಾರಣ.

ಒಂದು ದೇಶವೂ ಇಂತಹುದೇ ಒಂದು ವಿಶಾಲವಾದ ಪಂಕ್ತಿ. ಬಟ್ಟೆಗೆ ಹಾಕಿದ ಬಣ್ಣ, ಪಾತ್ರೆ ತೊಳೆಯುವ ಪುಡಿ, ಹೊಲಕ್ಕೆ ಸಿಂಪಡಿಸುವ ಔಷಧಿ, ಆಟಿಕೆಯ ಪ್ಲಾಸ್ಟಿಕ್ಕು, ಟ್ರಾನ್ಸ್‌ಫಾರ್ಮರಿನೊಳಗಿನ ಎಣ್ಣೆ ಇವೆಲ್ಲವೂ ಅದೇ ನೀರು, ಅದೇ ಮಣ್ಣು, ಅದೇ ಗಾಳಿಗಳ ಮೂಲಕ ಎಲ್ಲರ ದೇಹವನ್ನೂ ತಲುಪಬಲ್ಲವು. ಹೀಗಿದ್ದರೂ ತನ್ನ ನೆಲದಲ್ಲಿ ಯಾವ ಯಾವ ರಾಸಾಯನಿಕ ವಸ್ತುಗಳು ತಯಾರಾಗುತ್ತಿವೆ, ಹೊರಗಿನಿಂದ ಯಾವುವು ಬರುತ್ತಿವೆ, ಎಷ್ಟು ಪ್ರಮಾಣದಲ್ಲಿ ಬರುತ್ತಿವೆ ಎಂಬುದರ ಸಮಗ್ರವಾದ ಲೆಕ್ಕವನ್ನಿಡುವ ಕಾರ್ಯ ಮೊದಲಾದದ್ದು 1970ರ ದಶಕದಲ್ಲಿ. ಈ ಲೆಕ್ಕದ ಪುಸ್ತಕಕ್ಕೆ ರಾಸಾಯನಿಕಗಳ ರಾಷ್ಟ್ರೀಯ ಪಟ್ಟಿ ಎಂದು ಹೆಸರು. ಪಟ್ಟಿಯಲ್ಲಿ ಇರುವುದು ‘ಹಳೆಯ ವಸ್ತು’. ಇಲ್ಲದಿರುವುದು ‘ಹೊಸ ವಸ್ತು’. ಹೊಸ ವಸ್ತುವನ್ನು ತಯಾರಿಸುವ ಅಥವಾ ಆಮದು ಮಾಡಿಕೊಳ್ಳುವ ಮುನ್ನ ಅದರ ಗುಣಾವಗುಣಗಳ ವಿವರವನ್ನು ಸರ್ಕಾರದ ಮುಂದಿಡುವ ಕ್ರಮವೇ ನೋಂದಣಿ. ಕೇಳಲು ಇದು ಕೇವಲ ಕಚೇರಿಯ ಕಾಗದಪತ್ರಗಳ ವಿಷಯವೆನಿಸಬಹುದು. ಆದರೆ ಇದರ ಮೊದಲ ಶಾಸನ ಹುಟ್ಟಿದ್ದು ಅಡುಗೆಯ ಎಣ್ಣೆಯಿಂದ ನರಳಿದ ಜನರ ಸಂಕಟದಿಂದ.

ಕ್ಯೂಷೂ ದ್ವೀಪದ ಎಣ್ಣೆ

1968ರಲ್ಲಿ ಜಪಾನಿನ ಪಶ್ಚಿಮ ಭಾಗದಲ್ಲಿ, ಮುಖ್ಯವಾಗಿ ಕ್ಯೂಷೂ ದ್ವೀಪದ ಫುಕುವೋಕಾ ಮತ್ತು ನಾಗಾಸಾಕಿ ಪ್ರಾಂತಗಳಲ್ಲಿ, ಒಂದು ವಿಚಿತ್ರವಾದ ಕಾಯಿಲೆ ಕಾಣಿಸಿಕೊಂಡಿತು. ಜನರ ಮುಖ ಮೈಗಳ ಮೇಲೆ ಮೊಡವೆಯಂತಹ ಗುಳ್ಳೆಗಳೆದ್ದವು, ಉಗುರುಗಳು ಕಪ್ಪಾದವು, ಕಣ್ಣುಗಳಲ್ಲಿ ಪಿಸುರು ತುಂಬಿತು, ಕೈಕಾಲು ಜೋಮು ಹಿಡಿದವು. ಕಾಯಿಲೆ ಬಿದ್ದ ತಾಯಂದಿರಿಗೆ ಮೈ ಕಪ್ಪಿಟ್ಟ ಶಿಶುಗಳು ಜನಿಸಿದವು. ಅದೇ ವರ್ಷದ ಆದಿಯಲ್ಲಿ ಕೋಳಿಗಳು ಲಕ್ಷಗಟ್ಟಲೆ ಸತ್ತಿದ್ದವು. ಎರಡಕ್ಕೂ ಮೂಲ ಒಂದೇ ಎಂಬುದು ಅನಂತರ ತಿಳಿಯಿತು. ಕಾನೆಮಿ ಎಂಬ ಕಂಪನಿಯ ಕಾರಖಾನೆಯಲ್ಲಿ ಅಕ್ಕಿಯ ತೌಡಿನ ಎಣ್ಣೆಯ ವಾಸನೆಯನ್ನು ತೆಗೆಯಲು ಅದನ್ನು ಕಾಯಿಸಬೇಕಾಗಿತ್ತು. ಕಾಯಿಸುವ ಕೊಳವೆಗಳಲ್ಲಿ ಹರಿಯುತ್ತಿದ್ದುದು ಪಾಲಿಕ್ಲೋರಿನೇಟೆಡ್ ಬೈಫಿನೈಲ್, ಸಂಕ್ಷೇಪವಾಗಿ ಪಿ.ಸಿ.ಬಿ., ಎಂಬ ದ್ರವ. ಅದು ಕೊಳವೆಯಿಂದ ಸೋರಿ ಎಣ್ಣೆಯೊಳಗೆ ಬೆರೆತಿತ್ತು. ಸುಮಾರು 14,000 ಮಂದಿ ತಮಗೆ ತೊಂದರೆಯಾಗಿದೆಯೆಂದು ತಿಳಿಸಿದರು. ಸರ್ಕಾರ ಅಧಿಕೃತವಾಗಿ ರೋಗಿಗಳೆಂದು ಒಪ್ಪಿದ್ದು ಅವರಲ್ಲಿ ಸ್ವಲ್ಪ ಭಾಗವನ್ನು ಮಾತ್ರ.

ಪಿ.ಸಿ.ಬಿ.ಯ ತಯಾರಿಕೆ ವ್ಯಾಪಾರ ಪ್ರಮಾಣದಲ್ಲಿ ಆರಂಭವಾದದ್ದು 1929ರಲ್ಲಿ, ಅಮೇರಿಕದಲ್ಲಿ. ಬೇಗನೆ ಬೆಂಕಿ ಹತ್ತದ, ಶಾಖಕ್ಕೆ ಕೆಡದ, ವಿದ್ಯುತ್ತನ್ನು ಹರಿಯಗೊಡದ ಈ ದ್ರವವನ್ನು ಟ್ರಾನ್ಸ್‌ಫಾರ್ಮರುಗಳಿಗೆ ಹೇಳಿ ಮಾಡಿಸಿದಂತಹುದೆಂದು ಎಲ್ಲರೂ ಮೆಚ್ಚಿದ್ದರು. ಕೆಡದಿರುವುದೇ ಅದರ ಗುಣ. ಅದೇ ಅದರ ದೋಷವೂ ಆಯಿತು. ಸ್ವೀಡನ್ನಿನ ವಿಜ್ಞಾನಿ ಸೋರೆನ್ ಯೆನ್ಸೆನ್ ಅವರು ಡಿ.ಡಿ.ಟಿ.ಯ ಅಂಶವನ್ನು ಹುಡುಕುತ್ತಿದ್ದಾಗ ಮೀನು ಮತ್ತು ಹದ್ದುಗಳ ದೇಹದಲ್ಲಿ ಗುರುತು ಹತ್ತದ ಬೇರೊಂದು ವಸ್ತುವನ್ನು ಕಂಡು, ಅದು ಪಿ.ಸಿ.ಬಿ. ಎಂದು 1966ರಲ್ಲಿ ಪ್ರಕಟಿಸಿದರು. ಅಷ್ಟರಲ್ಲಿ ಆ ವಸ್ತು ಬಳಕೆಗೆ ಬಂದು ಮೂವತ್ತೇಳು ವರ್ಷಗಳಾಗಿದ್ದವು.

ಜಪಾನಿನ ಸರ್ಕಾರಕ್ಕೆ ಇಲ್ಲಿ ಒಂದು ದೊಡ್ಡ ಕೊರತೆ ಎದ್ದು ಕಂಡಿತು. ಔಷಧಿಗಳಿಗೆ ಕಾಯಿದೆಯಿತ್ತು, ಆಹಾರಕ್ಕೆ ಬೆರಸುವ ವಸ್ತುಗಳಿಗೆ ಕಾಯಿದೆಯಿತ್ತು, ಕುಡಿದೊಡನೆ ಕೊಲ್ಲುವ ವಿಷಗಳಿಗೂ ಕಾಯಿದೆಯಿತ್ತು. ಪಿ.ಸಿ.ಬಿ. ಇವುಗಳಲ್ಲಿ ಯಾವುದೂ ಅಲ್ಲ. ಅದು ಯಂತ್ರಕ್ಕೆ ತುಂಬುವ ಸಾಮಾನ್ಯ ಸರಕು. ಹೀಗಾಗಿ ಯಾವ ಕಾಯಿದೆಯ ಕಣ್ಣಿಗೂ ಅದು ಬಿದ್ದಿರಲಿಲ್ಲ. ಪಾದರಸದಿಂದ ಬಂದ ಮಿನಮಾಟಾ ಕಾಯಿಲೆ 1956ರಲ್ಲೇ ಬೆಳಕಿಗೆ ಬಂದು ಜನರ ಮನಸ್ಸನ್ನು ಕಲಕಿತ್ತು. ಇಂತಹ ವಾತಾವರಣದಲ್ಲಿ 1973ರಲ್ಲಿ ಜಪಾನಿನ ಸಂಸತ್ತು ರಾಸಾಯನಿಕ ವಸ್ತುಗಳ ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿತು. ಹೊಸ ವಸ್ತುವೊಂದು ಮಾರುಕಟ್ಟೆಗೆ ಬರುವುದಕ್ಕೆ ಮುಂಚೆಯೇ ಅದನ್ನು ಪರೀಕ್ಷೆಗೊಳಪಡಿಸಬೇಕೆಂದು ವಿಧಿಸಿದ ಮೊದಲ ಶಾಸನಗಳಲ್ಲಿ ಇದಕ್ಕೆ ಅಗ್ರಸ್ಥಾನವಿದೆ. ಆಗ ಬಳಕೆಯಲ್ಲಿದ್ದ ಸುಮಾರು 20,000 ವಸ್ತುಗಳ ಪಟ್ಟಿಯೂ ಸಿದ್ಧವಾಯಿತು.

ಹೆಸರಿನ ತೊಡಕು

ಪಟ್ಟಿ ಮಾಡುವುದೆಂದರೆ ಹೆಸರು ಬರೆಯುವುದು. ರಾಸಾಯನಿಕಗಳ ಮಟ್ಟಿಗೆ ಇದೇ ಮೊದಲನೆಯ ತೊಡಕು. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ಮಿಶ್ರಣದ ನೀಲಿ ಹರಳನ್ನು ಮೈಲುತುತ್ತ ಎನ್ನುತ್ತಾರೆ. ಪಾಠಶಾಲೆಯ ಪ್ರಯೋಗಾಲಯದಲ್ಲಿ ಅದೇ ಕಾಪರ್ ಸಲ್ಫೇಟ್. ಹಳೆಯ ವರ್ತಕರ ಬಾಯಲ್ಲಿ ಬ್ಲೂ ವಿಟ್ರಿಯಾಲ್. ಇನ್ನೊಂದೆಡೆ, ಅದೇ ನೀಲಿ ಹರಳನ್ನು ಪ್ರನಾಳದಲ್ಲಿಟ್ಟು ಕಾಯಿಸಿದರೆ ನೀರಿನಂಶ ಹೊರಟುಹೋಗಿ ಬಿಳಿಯ ಪುಡಿ ಉಳಿಯುತ್ತದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲ ಕಣ್ಣಾರೆ ಕಂಡಿರುತ್ತಾರೆ. ಹರಳು ಮತ್ತು ಪುಡಿ ಒಂದೇ ವಸ್ತುವೇ, ಎರಡೇ? ಒಂದೇ ವಸ್ತು ಮೂರು ಹೆಸರಿನಲ್ಲಿ ಮೂರು ಸಲ ಪಟ್ಟಿಗೆ ಸೇರಿದರೆ, ಅಥವಾ ಎರಡು ವಸ್ತುಗಳು ಒಂದೇ ಹೆಸರಿನಲ್ಲಿ ಅಡಗಿದರೆ, ಲೆಕ್ಕವೆಲ್ಲ ತಪ್ಪುತ್ತದೆ.

ಈ ತೊಡಕನ್ನು ಬಿಡಿಸಲು ನೆರವಾದದ್ದು ಅಮೇರಿಕದ ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿರುವ ಕೆಮಿಕಲ್ ಆಬ್‌ಸ್ಟ್ರಾಕ್ಟ್ಸ್ ಸರ್ವೀಸ್ ಎಂಬ ಸಂಸ್ಥೆ. 1965ರಲ್ಲಿ ಅದು ಪ್ರತಿಯೊಂದು ರಾಸಾಯನಿಕ ವಸ್ತುವಿಗೂ ಒಂದು ಸಂಖ್ಯೆಯನ್ನು ಕೊಡುವ ದಾಖಲೆಯನ್ನು ಆರಂಭಿಸಿತು. ನೀರಿನ ಸಂಖ್ಯೆ 7732-18-5. ಮೈಲುತುತ್ತದ ನೀಲಿ ಹರಳಿಗೆ 7758-99-8. ನೀರು ಕಳೆದ ಬಿಳಿಯ ಪುಡಿಗೆ 7758-98-7. ಹೀಗೆ ಅವೆರಡೂ ಬೇರೆ ಬೇರೆಯೆಂಬುದು ನಿಸ್ಸಂಶಯವಾಗಿ ತಿಳಿಯುತ್ತದೆ.

ಸಂಖ್ಯೆಯ ಕೊನೆಯ ಅಂಕಿಯಲ್ಲಿ ಒಂದು ಜಾಣ್ಮೆಯಿದೆ. ನೀರಿನ ಸಂಖ್ಯೆಯಲ್ಲಿ ಕೊನೆಯದನ್ನು ಬಿಟ್ಟು ಉಳಿದ ಅಂಕಿಗಳನ್ನು ಬಲದಿಂದ ಎಡಕ್ಕೆ ಕ್ರಮವಾಗಿ 1, 2, 3, 4, 5, 6ರಿಂದ ಗುಣಿಸಿ ಕೂಡಿದರೆ 8, 2, 6, 12, 35, 42 ಸೇರಿ ಮೊತ್ತ 105 ಆಗುತ್ತದೆ. ಮೊತ್ತದ ಬಿಡಿ ಸ್ಥಾನದ ಅಂಕಿ 5. ಸಂಖ್ಯೆಯ ಕೊನೆಯ ಅಂಕಿಯೂ 5. ಬರೆಯುವವರು ಒಂದು ಅಂಕಿಯನ್ನು ತಪ್ಪಿ ಬರೆದರೆ ಈ ತಾಳೆ ಸಾಮಾನ್ಯವಾಗಿ ಕೆಟ್ಟು ತಪ್ಪು ಹೊರಬೀಳುತ್ತದೆ. ಈ ದಾಖಲೆಯಲ್ಲಿ ಈಗ ಇಪ್ಪತ್ತು ಕೋಟಿಗೂ ಮಿಕ್ಕಿ ವಸ್ತುಗಳಿವೆ. ಇವುಗಳಲ್ಲಿ ಬಹುಪಾಲು ಪ್ರಯೋಗಾಲಯದಾಚೆಗೆ ಬಂದವಲ್ಲ. ಮಾರುಕಟ್ಟೆಗೆ ಬಂದವನ್ನು ಮಾತ್ರ ರಾಷ್ಟ್ರೀಯ ಪಟ್ಟಿಗಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ಹೊಸ ವಸ್ತುವಿಗೆ ಕೇಳುವ ಪ್ರಶ್ನೆಗಳು

ಹೊಸ ವಸ್ತುವನ್ನು ನೋಂದಾಯಿಸಬಯಸುವ ಉದ್ಯಮಿಯು ಉತ್ತರಿಸಬೇಕಾದ ಪ್ರಶ್ನೆಗಳು ದೇಶದಿಂದ ದೇಶಕ್ಕೆ ಅಷ್ಟಿಷ್ಟು ಬೇರೆಯಾದರೂ ಅವುಗಳ ತಿರುಳು ಒಂದೇ. ವಸ್ತುವಿನ ರಚನೆ ಏನು? ಅದರೊಳಗಿನ ಕಲ್ಮಶಗಳಾವುವು? ವರ್ಷಕ್ಕೆ ಎಷ್ಟು ತಯಾರಾಗುತ್ತದೆ? ಯಾರು, ಯಾವ ಕೆಲಸಕ್ಕೆ ಬಳಸುತ್ತಾರೆ? ಕಾರ್ಮಿಕನ ಚರ್ಮಕ್ಕೆ, ಕಣ್ಣಿಗೆ, ಉಸಿರಿಗೆ ತಗುಲಿದರೆ ಆಗುವುದೇನು? ವಂಶವಾಹಿಗಳಿಗೆ ಹಾನಿಯುಂಟೇ? ನೀರಿಗೆ ಸೇರಿದರೆ ಪಾಚಿ, ನೀರುಚಿಗಟ, ಮೀನುಗಳ ಗತಿ ಏನು?

ಇವುಗಳಲ್ಲಿ ಎರಡು ಪ್ರಶ್ನೆಗಳನ್ನು ಸ್ವಲ್ಪ ವಿವರಿಸುವುದು ಉಚಿತ. ಮೊದಲನೆಯದು, ವಸ್ತುವನ್ನು ಸೂಕ್ಷ್ಮಜೀವಿಗಳು ಕೊಳೆಸಬಲ್ಲವೇ ಎಂಬುದು. ಕೊಳೆಯುವ ವಸ್ತು ಇಂದಲ್ಲ ನಾಳೆ ಮಣ್ಣಾಗುತ್ತದೆ. ಕೊಳೆಯದ್ದು ವರ್ಷದಿಂದ ವರ್ಷಕ್ಕೆ ಸೇರುತ್ತಲೇ ಹೋಗುತ್ತದೆ. ಎರಡನೆಯದು, ವಸ್ತುವಿಗೆ ನೀರು ಪ್ರಿಯವೋ ಕೊಬ್ಬು ಪ್ರಿಯವೋ ಎಂಬುದು. ಆಕ್ಟನಾಲ್ ಎಂಬ, ನೀರಿನೊಡನೆ ಬೆರೆಯದ ದ್ರವವನ್ನೂ ನೀರನ್ನೂ ಒಂದೇ ಸೀಸೆಯಲ್ಲಿ ಹಾಕಿ, ವಸ್ತುವನ್ನು ಸೇರಿಸಿ ಕಲಕಿ, ಅದು ಯಾವ ಪದರದಲ್ಲಿ ಎಷ್ಟು ನಿಂತಿತೆಂದು ಅಳೆಯುತ್ತಾರೆ. ಆಕ್ಟನಾಲಿನಲ್ಲಿ ಹೆಚ್ಚಾಗಿ ನಿಲ್ಲುವ ವಸ್ತು ಪ್ರಾಣಿಗಳ ಕೊಬ್ಬಿನಲ್ಲಿಯೂ ನಿಲ್ಲುವ ಸಂಭವ ಹೆಚ್ಚು. ಕೊಳೆಯದೆ, ಕೊಬ್ಬಿನಲ್ಲಿ ನೆಲೆಸುವ ವಸ್ತು ಪಾಚಿಯಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ, ತಾಯಿಯಿಂದ ಹಾಲೂಡುವ ಕೂಸಿಗೆ ಸಾಗುತ್ತದೆ. ಈ ಎರಡು ಪ್ರಶ್ನೆಗಳನ್ನು 1929ರಲ್ಲೇ ಕೇಳಿದ್ದಿದ್ದರೆ ಪಿ.ಸಿ.ಬಿ.ಯ ಸ್ವಭಾವ ಬಹಳ ಹಿಂದೆಯೇ ಗೊತ್ತಾಗುತ್ತಿತ್ತು.

ಇಂತಹ ಪರೀಕ್ಷೆಗಳಿಗೆ ಖರ್ಚು ಬಹಳ. ಪ್ರಾಣಿಗಳ ಬಲಿಯೂ ಉಂಟು. ಒಂದು ದೇಶದ ಪರೀಕ್ಷೆಯನ್ನು ಇನ್ನೊಂದು ದೇಶ ಒಪ್ಪದಿದ್ದರೆ ಅದೇ ಪರೀಕ್ಷೆ ಹತ್ತು ಕಡೆ ನಡೆಯಬೇಕಾಗುತ್ತದೆ. ಇದನ್ನು ತಪ್ಪಿಸಲು 1981ರಲ್ಲಿ ಓ.ಇ.ಸಿ.ಡಿ. ರಾಷ್ಟ್ರಗಳು ಸಮಾನವಾದ ಪರೀಕ್ಷಾ ವಿಧಾನಗಳನ್ನು ರೂಪಿಸಿ, ಪರಸ್ಪರರ ಫಲಿತಾಂಶಗಳನ್ನು ಮಾನ್ಯ ಮಾಡುವ ಒಪ್ಪಂದಕ್ಕೆ ಬಂದವು. ಭಾರತವು 2011ರಲ್ಲಿ ಈ ವ್ಯವಸ್ಥೆಯನ್ನು ಪೂರ್ಣವಾಗಿ ಸೇರಿತು. ಅಂದಿನಿಂದ ನಮ್ಮ ದೇಶದ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಗೆ ಯೂರೋಪಿನಲ್ಲಿಯೂ ಅಮೇರಿಕದಲ್ಲಿಯೂ ಬೆಲೆಯಿದೆ.

ಹಳೆಯ ವಸ್ತುಗಳಿಗೆ ದೊರೆತ ರಿಯಾಯಿತಿ

1976ರ ಅಕ್ಟೋಬರ್ 11ರಂದು ಅಮೇರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರು ವಿಷವಸ್ತು ನಿಯಂತ್ರಣ ಕಾಯಿದೆಗೆ ಸಹಿ ಹಾಕಿದರು. ಪಿ.ಸಿ.ಬಿ.ಯನ್ನು ಹೆಸರಿಸಿಯೇ ನಿರ್ಬಂಧಿಸಿದ ಕಾಯಿದೆ ಇದು. ಇದರಂತೆ 1979ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಸುಮಾರು 62,000 ವಸ್ತುಗಳಿದ್ದವು. ಪಟ್ಟಿಯಲ್ಲಿಲ್ಲದ ವಸ್ತುವನ್ನು ತಯಾರಿಸುವವರು 90 ದಿನಗಳ ಮೊದಲೇ ಸರ್ಕಾರಕ್ಕೆ ಸೂಚನೆ ಕೊಡಬೇಕಾಗಿತ್ತು. ಪಟ್ಟಿಯಲ್ಲಿದ್ದವುಗಳ ಗತಿ? ಅವು ಇದ್ದುವೆಂಬ ಒಂದೇ ಕಾರಣದಿಂದ ಬಳಕೆಗೆ ಅರ್ಹವೆನಿಸಿದವು. ಅವುಗಳಿಂದ ಅಪಾಯವಿದೆಯೆಂದು ರುಜುವಾತುಪಡಿಸುವ ಭಾರ ಸರ್ಕಾರದ ಮೇಲೆ ಬಿತ್ತು.

ಆ ಭಾರ ಎಷ್ಟೆಂಬುದು ಕಲ್ನಾರಿನ ವಿಷಯದಲ್ಲಿ ಸ್ಪಷ್ಟವಾಯಿತು. ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದರಲ್ಲಿ ವೈದ್ಯರಿಗೆ ಅನುಮಾನವಿರಲಿಲ್ಲ. ಅಮೇರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸುಮಾರು ಹತ್ತು ವರ್ಷ ಸಾಕ್ಷ್ಯ ಕಲೆಹಾಕಿ 1989ರಲ್ಲಿ ಅದರ ಬಹುಪಾಲು ಬಳಕೆಗಳನ್ನು ನಿಷೇಧಿಸಿತು. 1991ರಲ್ಲಿ ಮೇಲ್ಮನವಿ ನ್ಯಾಯಾಲಯವು, ಕಡಿಮೆ ಹೊರೆಯ ಉಪಾಯಗಳನ್ನು ಸಂಸ್ಥೆ ಸಾಕಷ್ಟು ಪರಿಶೀಲಿಸಿಲ್ಲವೆಂದು, ಆ ನಿಷೇಧದ ಹೆಚ್ಚಿನ ಭಾಗವನ್ನು ತಳ್ಳಿಹಾಕಿತು. ಕಲ್ನಾರನ್ನೇ ತಡೆಯಲಾಗದ ಕಾಯಿದೆಯಿಂದ ಮತ್ತಾವ ಹಳೆಯ ವಸ್ತುವನ್ನು ತಡೆಯಲಾದೀತೆಂಬ ನಿರಾಶೆ ಆವರಿಸಿತು. ಅಲ್ಲಿ ಬಳಕೆಯಲ್ಲಿ ಉಳಿದಿದ್ದ ಬಿಳಿ ಕಲ್ನಾರಿನ ಮೇಲೆ ಮತ್ತೆ ನಿಷೇಧ ಹೊರಟದ್ದು 2024ರ ಮಾರ್ಚಿಯಲ್ಲಿ.

ಯೂರೋಪಿನ ಕಥೆಯೂ ಬೇರೆಯಾಗಿರಲಿಲ್ಲ. ಅಲ್ಲಿ 1971ರ ಜನವರಿ 1ರಿಂದ 1981ರ ಸೆಪ್ಟೆಂಬರ್ 18ರವರೆಗೆ ಮಾರುಕಟ್ಟೆಯಲ್ಲಿದ್ದ ವಸ್ತುಗಳನ್ನೆಲ್ಲ ‘ಹಳೆಯವು’ ಎಂದು ಪರಿಗಣಿಸಿದರು. ಅವುಗಳ ಸಂಖ್ಯೆ ಒಂದು ಲಕ್ಷವನ್ನು ದಾಟಿತು. ಆ ದಿನಾಂಕದ ಅನಂತರ ಬಂದ ವಸ್ತು ವರ್ಷಕ್ಕೆ 10 ಕಿಲೋಗ್ರಾಂ ಮಾರಾಟವಾದರೂ ಪರೀಕ್ಷೆಗೆ ಗುರಿಯಾಗಬೇಕು. ಹಳೆಯ ವಸ್ತು ಸಾವಿರಾರು ಟನ್ನು ಹರಿದರೂ ಕೇಳುವವರಿಲ್ಲ. 2001ರಲ್ಲಿ ಯೂರೋಪಿಯನ್ ಆಯೋಗವು ಹೊರಡಿಸಿದ ಶ್ವೇತಪತ್ರದ ಪ್ರಕಾರ ಮಾರುಕಟ್ಟೆಯಲ್ಲಿದ್ದ ರಾಸಾಯನಿಕಗಳ ಒಟ್ಟು ಪ್ರಮಾಣದಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ಭಾಗ ಹಳೆಯವುಗಳದೇ. 1981ರಿಂದೀಚೆಗೆ ಬಂದ ಹೊಸ ವಸ್ತುಗಳು ಸುಮಾರು 2,700 ಮಾತ್ರ. ಅಂದರೆ ಉಗ್ರಾಣದ ಬಾಗಿಲಲ್ಲಿ ನಿಂತು ಹೊಸದಾಗಿ ಬಂದ ಹಿಡಿಕಾಳನ್ನು ಕನ್ನಡಕ ಹಾಕಿಕೊಂಡು ಪರೀಕ್ಷಿಸುತ್ತ, ಒಳಗೆ ರಾಶಿ ಬಿದ್ದ ಹಳೆಯ ಚೀಲಗಳತ್ತ ತಿರುಗಿಯೂ ನೋಡದಂತಾಗಿತ್ತು. ಇದರಿಂದ ಇನ್ನೊಂದು ಕೆಡುಕೂ ಉಂಟಾಯಿತು. ಹೆಚ್ಚು ಸುರಕ್ಷಿತವಾದ ಹೊಸ ವಸ್ತುವನ್ನು ಕಂಡುಹಿಡಿದವನಿಗೆ ಪರೀಕ್ಷೆಯ ಖರ್ಚು. ಅಪಾಯಕರವಾದ ಹಳೆಯದಕ್ಕೆ ಅಂಟಿಕೊಂಡವನಿಗೆ ಉಳಿತಾಯ.

ಹಳೆಯದೆಂದ ಮಾತ್ರಕ್ಕೆ ಒಳ್ಳೆಯದಲ್ಲವೆಂಬುದಕ್ಕೆ ಬಣ್ಣಗಳ ಇತಿಹಾಸವೇ ಸಾಕ್ಷಿ. 1895ರಲ್ಲಿಯೇ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ ಅವರು ಬಣ್ಣದ ಕಾರಖಾನೆಯ ಕಾರ್ಮಿಕರಲ್ಲಿ ಮೂತ್ರಕೋಶದ ಕ್ಯಾನ್ಸರನ್ನು ಗುರುತಿಸಿದ್ದರು. ಬೆಂಜಿಡೀನ್ ಮೊದಲಾದ ಅಮೀನುಗಳಾಗಿ ಒಡೆಯುವ ಅಜೋ ಬಣ್ಣಗಳನ್ನು ಬಟ್ಟೆಗಳಲ್ಲಿ ಬಳಸಕೂಡದೆಂದು ಜರ್ಮನಿ ವಿಧಿಸಿದ್ದು ಅದಾಗಿ ನೂರು ವರ್ಷಗಳಾಗುತ್ತಿದ್ದಾಗ, 1994ರಲ್ಲಿ. ಆ ದಶಕದಲ್ಲಿಯೇ ಭಾರತ ಸರ್ಕಾರವೂ ಇಂತಹ 112 ಬಣ್ಣಗಳನ್ನು ನಿಷೇಧಿಸಿತು. ಇಳಕಲ್ಲು, ಗುಳೇದಗುಡ್ಡ, ರಬಕವಿ–ಬನಹಟ್ಟಿಗಳಂತಹ ನೇಕಾರಿಕೆಯ ಊರುಗಳಲ್ಲಿ ನೂಲಿಗೆ ಬಣ್ಣ ಹಾಕುವವರ ಕೈ ನಿತ್ಯವೂ ಬಣ್ಣದ ನೀರಿನಲ್ಲಿಯೇ ಇರುತ್ತದೆ. ಪಟ್ಟಿಯಲ್ಲಿನ ಒಂದು ಹೆಸರನ್ನು ಹೊಡೆದುಹಾಕುವುದೆಂದರೆ ಅಂತಹ ಕೈಗಳನ್ನು ಕಾಪಾಡುವುದೆಂದೇ ಅರ್ಥ.

ಹೊಣೆ ಬದಲಾದ ಬಗೆ

ಈ ಅಸಮಾನತೆಯನ್ನು ತೊಡೆಯಲು ಯೂರೋಪಿನ ಒಕ್ಕೂಟವು 2006ರಲ್ಲಿ ‘ರೀಚ್’ ಎಂಬ ಹೊಸ ಶಾಸನವನ್ನು ರಚಿಸಿತು. ಅದು 2007ರ ಜೂನ್ 1ರಂದು ಜಾರಿಗೆ ಬಂದಿತು. ಅದರ ನಿರ್ವಹಣೆಗಾಗಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಒಂದು ಸಂಸ್ಥೆ ಸ್ಥಾಪಿತವಾಯಿತು. ಮಾಹಿತಿಯಿಲ್ಲದ ವಸ್ತುವಿಗೆ ಮಾರುಕಟ್ಟೆಯಿಲ್ಲ ಎಂಬುದು ಅದರ ಮೂಲಸೂತ್ರ. ಹೊಸದಿರಲಿ, ಹಳೆಯದಿರಲಿ, ವರ್ಷಕ್ಕೆ ಒಂದು ಟನ್ನು ಅಥವಾ ಹೆಚ್ಚು ತಯಾರಿಸುವ, ಆಮದು ಮಾಡುವ ಪ್ರತಿಯೊಬ್ಬರೂ ಅದನ್ನು ನೋಂದಾಯಿಸಬೇಕು. ಪ್ರಮಾಣ 10, 100, 1,000 ಟನ್ನುಗಳನ್ನು ಮುಟ್ಟಿದಂತೆ ಕೊಡಬೇಕಾದ ಮಾಹಿತಿಯೂ ಹೆಚ್ಚುತ್ತದೆ. ವಸ್ತು ಸುರಕ್ಷಿತವೆಂದು ತೋರಿಸುವ ಹೊಣೆ ಅದರಿಂದ ಲಾಭ ಪಡೆಯುವವನದು. ಹಳೆಯ ವಸ್ತುಗಳಿಗೆ 2010, 2013, 2018ರ ಮೂರು ಗಡುವುಗಳನ್ನು ಕೊಡಲಾಯಿತು. ಕೊನೆಯ ಗಡುವು ಮುಗಿದಾಗ ನೋಂದಣಿಯಾಗಿದ್ದ ವಸ್ತುಗಳು 21,000ಕ್ಕೂ ಸ್ವಲ್ಪ ಹೆಚ್ಚು. ಹಿಂದಿನ ಪಟ್ಟಿಯ ಲಕ್ಷ ಹೆಸರುಗಳಲ್ಲಿ ಎಷ್ಟೋ ಹೆಸರುಗಳಿಗೆ ನೋಂದಣಿಯ ಖರ್ಚು ಹೊರಲು ಯಾರೂ ಮುಂದೆ ಬರಲಿಲ್ಲವೆಂಬುದು ಇದರಿಂದ ತಿಳಿಯಿತು.

ಅಮೇರಿಕವೂ 2016ರ ಜೂನಿಯಲ್ಲಿ ತನ್ನ ಕಾಯಿದೆಯನ್ನು ತಿದ್ದಿತು. ಸರ್ಕಾರವು ಪರಿಶೀಲಿಸಿ ತನ್ನ ನಿರ್ಣಯವನ್ನು ನೀಡುವವರೆಗೆ ಹೊಸ ವಸ್ತು ಮಾರುಕಟ್ಟೆಗೆ ಬರುವಂತಿಲ್ಲ. ಹಳೆಯವುಗಳನ್ನೂ ಆದ್ಯತೆಯ ಕ್ರಮದಲ್ಲಿ ಪರೀಕ್ಷಿಸಲೇಬೇಕು. ಪಟ್ಟಿಯನ್ನು ಶೋಧಿಸಿ ನೋಡಿದಾಗ ಅದರಲ್ಲಿದ್ದ ಸುಮಾರು 86,000 ವಸ್ತುಗಳ ಪೈಕಿ ವಾಸ್ತವವಾಗಿ ಬಳಕೆಯಲ್ಲಿದ್ದವು ಅರ್ಧಕ್ಕಿಂತ ಕಡಿಮೆ ಎಂದು ಗೊತ್ತಾಯಿತು. ಕೆನಡಾ, ಆಸ್ಟ್ರೇಲಿಯಾ, ಚೀನಾ, ದಕ್ಷಿಣ ಕೊರಿಯಾ ದೇಶಗಳೂ ತಮ್ಮ ತಮ್ಮ ಪಟ್ಟಿಗಳನ್ನು ಮಾಡಿಕೊಂಡಿವೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವು 19 ದೇಶ ಮತ್ತು ಪ್ರದೇಶಗಳ 22 ಪಟ್ಟಿಗಳನ್ನು ಕೂಡಿಸಿ ನೋಡಿ, ಒಟ್ಟು 3,50,000ಕ್ಕೂ ಹೆಚ್ಚು ವಸ್ತುಗಳೂ ಮಿಶ್ರಣಗಳೂ ಇವೆಯೆಂದು ತಿಳಿಸಿತು. ಇವುಗಳಲ್ಲಿ 50,000ಕ್ಕೂ ಹೆಚ್ಚಿನವುಗಳ ಗುರುತನ್ನು ವ್ಯಾಪಾರದ ಗುಟ್ಟೆಂದು ಸಾರ್ವಜನಿಕರಿಂದ ಮರೆಮಾಡಲಾಗಿದೆ. ಪುಸ್ತಕದಲ್ಲಿ ಸಾಲಿದೆ, ಹೆಸರಿಲ್ಲ. ಇದು ಇನ್ನೂ ಬಗೆಹರಿಯಬೇಕಾದ ಪ್ರಶ್ನೆ.

ಭಾರತದ ಅನುಭವ

ನಮ್ಮ ದೇಶದಲ್ಲಿ ರಾಸಾಯನಿಕಗಳ ನೋಂದಣಿಯ ಆರಂಭವೂ ಒಂದು ದುರಂತದಿಂದಲೇ. 1958ರಲ್ಲಿ ಹಡಗಿನಲ್ಲಿ ಬಂದ ಗೋಧಿ ಹಿಟ್ಟಿಗೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ತಗುಲಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಈ ಘಟನೆ ಎಚ್ಚರಿಸಿದ ಫಲವಾಗಿ 1968ರ ಕೀಟನಾಶಕ ಕಾಯಿದೆ ಬಂದಿತು. ಕೀಟನಾಶಕಗಳಿಗೆ ಕಡ್ಡಾಯವಾದ ನೋಂದಣಿ ಏರ್ಪಟ್ಟಿತು. 1984ರ ಡಿಸೆಂಬರ್ 2–3ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೋಸಯನೇಟ್ ಅನಿಲ ಹರಡಿದಾಗ, ಸಾವಿರಾರು ಜನ ಉಸಿರುಗಟ್ಟಿ ಬಂದು ಬೀಳುತ್ತಿದ್ದರೂ ಅದು ಯಾವ ಅನಿಲ, ಅದಕ್ಕೆ ಚಿಕಿತ್ಸೆ ಏನು ಎಂಬುದು ವೈದ್ಯರಿಗೇ ತಿಳಿದಿರಲಿಲ್ಲ. ಮಾಹಿತಿಯಿಲ್ಲದಿರುವುದೂ ಒಂದು ವಿಷವೆಂಬುದನ್ನು ಆ ರಾತ್ರಿ ಕಲಿಸಿತು. ಅನಂತರ 1986ರ ಪರಿಸರ ಸಂರಕ್ಷಣಾ ಕಾಯಿದೆ, 1989ರ ಅಪಾಯಕರ ರಾಸಾಯನಿಕಗಳ ನಿಯಮಗಳು ಬಂದವು. ಪಿ.ಸಿ.ಬಿ.ಯ ತಯಾರಿಕೆ ಮತ್ತು ಆಮದನ್ನು ನಿಷೇಧಿಸಿದ ಆದೇಶ ಹೊರಬಿದ್ದದ್ದು 2016ರಲ್ಲಿ. ಉಳಿದ ಬಳಕೆಯೂ 2025ರ ಅಂತ್ಯದೊಳಗೆ ನಿಲ್ಲಬೇಕೆಂದು ಅದರಲ್ಲಿ ಗಡುವು ವಿಧಿಸಲಾಯಿತು.

ಆದರೆ ನೋಂದಣಿಯೊಂದೇ ರಕ್ಷೆಯಲ್ಲವೆಂಬುದನ್ನು ಕನ್ನಡ ನಾಡಿನ ಅಂಚಿನಲ್ಲಿಯೇ ಕಾಣಬೇಕಾಯಿತು. ಎಂಡೋಸಲ್ಫಾನ್ ಕಾಯಿದೆಯಂತೆ ನೋಂದಣಿಯಾಗಿದ್ದ ಕೀಟನಾಶಕ. ಕಾಸರಗೋಡಿನ ಎಣ್ಮಕಜೆ ಮೊದಲಾದ ಗ್ರಾಮಗಳ ಗೇರು ತೋಪುಗಳ ಮೇಲೆ ಸುಮಾರು ಎರಡು ದಶಕಗಳ ಕಾಲ ಅದನ್ನು ಹೆಲಿಕಾಪ್ಟರಿನಿಂದ ಸುರಿಯಲಾಯಿತು. ಗುಡ್ಡದ ತೋಪಿನ ಕೆಳಗೆಯೇ ಮನೆಗಳು, ತೆರೆದ ಸುರಂಗ, ಕೆರೆ, ಬಾವಿಗಳು. ಅಂಗವೈಕಲ್ಯ, ಬುದ್ಧಿಮಾಂದ್ಯ ಮೊದಲಾದ ತೊಂದರೆಗಳಿಗೆ ತುತ್ತಾದ ಮಕ್ಕಳ ಸಂಖ್ಯೆ ಅಲ್ಲಿ ಅಸಾಧಾರಣವಾಗಿರುವುದನ್ನು ಮೊದಲು ಗಮನಿಸಿ ಕೂಗೆಬ್ಬಿಸಿದವರು ಆ ಊರಿನ ವೈದ್ಯರು, ಕೃಷಿಕರು, ಪತ್ರಕರ್ತರು. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಮುತ್ತಲಿಂದಲೂ ಅದೇ ಅಳಲು ಕೇಳಿಬಂತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ತಯಾರಿಕೆ ಮತ್ತು ಮಾರಾಟವನ್ನು ತಡೆಯಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಿತ ವಸ್ತುಗಳ ಸಾಲಿಗೆ ಅದು ಸೇರಿತು. ಒಮ್ಮೆ ಬರೆದ ಪುಸ್ತಕವನ್ನು ಮತ್ತೆ ಮತ್ತೆ ತೆರೆದು, ಉಂಡವರ ಆರೋಗ್ಯದೊಡನೆ ತಾಳೆ ನೋಡದಿದ್ದರೆ ಪುಸ್ತಕವಿದ್ದೂ ಇಲ್ಲದಂತೆಯೇ ಎಂಬುದು ಇದರ ಪಾಠ.

ಔಷಧಿ, ಕೀಟನಾಶಕ, ಸ್ಫೋಟಕಗಳಿಗೆ ಬೇರೆ ಬೇರೆ ಕಾಯಿದೆಗಳಿದ್ದರೂ ಸಾಮಾನ್ಯ ಕೈಗಾರಿಕಾ ರಾಸಾಯನಿಕಗಳೆಲ್ಲವನ್ನೂ ಒಂದೇ ಪಟ್ಟಿಗೆ ತರುವ ಕಾರ್ಯ ಭಾರತದಲ್ಲಿ ಬಹುಕಾಲ ಹಿಂದುಳಿಯಿತು. ಇದಕ್ಕಾಗಿ ರೂಪಿಸಿದ ನಿಯಮಗಳ ಕರಡು 2020ರಲ್ಲಿ ಚರ್ಚೆಗೆ ಬಂದಿತಾದರೂ ಮುಂದೆ ವರ್ಷಗಟ್ಟಲೆ ಕರಡಾಗಿಯೇ ಉಳಿಯಿತು. ಇತ್ತ ಭಾರತದ ಉದ್ಯಮಿಗಳು ತಮ್ಮ ಬಣ್ಣ, ಔಷಧಿಯ ಮಧ್ಯಂತರ ವಸ್ತುಗಳನ್ನು ಯೂರೋಪಿಗೆ ಕಳುಹಿಸಲು ಅಲ್ಲಿಯ ಪ್ರತಿನಿಧಿಗಳ ಮೂಲಕ ಅಲ್ಲಿಯ ಪುಸ್ತಕದಲ್ಲಿ ಹೆಸರು ಬರೆಸಿದ್ದಾರೆ. ಪರದೇಶದವರ ಆರೋಗ್ಯಕ್ಕಾಗಿ ಒದಗಿಸಿದ ಅದೇ ಮಾಹಿತಿಯನ್ನು ಸ್ವದೇಶದವರ ಆರೋಗ್ಯಕ್ಕೂ ಒದಗಿಸುವುದು ಅಸಾಧ್ಯವಾದ ಮಾತೇನಲ್ಲ. ಸಣ್ಣ ಕೈಗಾರಿಕೆಗಳಿಗೆ ಪರೀಕ್ಷೆಯ ಖರ್ಚು ಭಾರವಾದೀತೆಂಬ ಆತಂಕದಲ್ಲಿ ಹುರುಳಿದೆ. ಒಂದೇ ವಸ್ತುವನ್ನು ತಯಾರಿಸುವವರು ಕೂಡಿ ಒಂದೇ ಪರೀಕ್ಷೆಯ ಖರ್ಚನ್ನು ಹಂಚಿಕೊಳ್ಳುವ ಪದ್ಧತಿ ಯೂರೋಪಿನಲ್ಲಿ ರೂಢಿಯಲ್ಲಿದ್ದು, ಅದು ಇಲ್ಲಿಯೂ ಅನುಸರಣೀಯವಾಗಿದೆ.

ವಿದ್ಯಾಸಂಸ್ಥೆಗಳ ಪಾಲು

ರಾಷ್ಟ್ರದ ಪಟ್ಟಿ ದೊಡ್ಡವರ ಕೆಲಸವೆಂದು ವಿದ್ಯಾಸಂಸ್ಥೆಗಳು ಸುಮ್ಮನಿರಬೇಕಾಗಿಲ್ಲ. ಪ್ರತಿಯೊಂದು ಪ್ರೌಢಶಾಲೆಯ ವಿಜ್ಞಾನ ವಿಭಾಗದಲ್ಲಿಯೂ ಒಂದು ಬೀರು ಇರುತ್ತದೆ. ಅದರ ಹಿಂದಿನ ಸಾಲಿನಲ್ಲಿ ಚೀಟಿ ಮಾಸಿದ, ತಂದ ವರ್ಷ ತಿಳಿಯದ ಸೀಸೆಗಳಿರುವುದು ಅಪರೂಪವಲ್ಲ. ಸೀಸೆಯೊಂದಕ್ಕೆ ಒಂದು ಸಾಲಿನಂತೆ ಹೆಸರು, ಸಂಖ್ಯೆ, ತಂದ ದಿನಾಂಕ, ಪ್ರಮಾಣ, ಅಪಾಯ, ಪ್ರಥಮ ಚಿಕಿತ್ಸೆಗಳನ್ನು ವಿದ್ಯಾರ್ಥಿಗಳಿಂದಲೇ ಬರೆಯಿಸಿ ವರ್ಷಕ್ಕೊಮ್ಮೆ ತಾಳೆ ನೋಡಿದರೆ ಅದು ರಾಷ್ಟ್ರೀಯ ಪಟ್ಟಿಯ ಪುಟ್ಟ ಪ್ರತಿರೂಪವೇ ಆಗುತ್ತದೆ. ಚೀಟಿಯಿಲ್ಲದ ಸೀಸೆಯನ್ನು ಮಕ್ಕಳ ಕೈಗೆ ಕೊಡಬಾರದೆಂಬ ನಿಯಮ ಬಾಲ್ಯದಲ್ಲಿಯೇ ಮನಸ್ಸಿನಲ್ಲಿ ನಿಂತರೆ, ಮುಂದೆ ಅವರು ಕಾರಖಾನೆಯ ಒಡೆಯರಾದಾಗ, ಅಧಿಕಾರಿಗಳಾದಾಗ, ರೈತರಾದಾಗ ಅದೇ ನಿಯಮವನ್ನು ಊರಿಗೂ ನಾಡಿಗೂ ಅನ್ವಯಿಸುವರು. ಉದ್ಯಮಗಳಲ್ಲಿರುವ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ತಮ್ಮಲ್ಲಿ ಬಳಕೆಯಾಗುವ ವಸ್ತುಗಳ ಸುರಕ್ಷತಾ ವಿವರಗಳನ್ನು ಕಾರ್ಮಿಕರಿಗೆ ತಿಳಿಯುವ ಕನ್ನಡದಲ್ಲಿ ಬರೆಸಿ ತೂಗುಹಾಕುವುದು ಹಣಕ್ಕಿಂತ ಮಿಗಿಲಾದ ದಾನವೆನಿಸೀತು.

ಅರಿವು ಆಚಾರಗಳು ಬೇರೆ ಬೇರೆಯಾಗಬಾರದೆಂಬುದು ಶರಣರ ಕಾಲದಿಂದ ಈ ನೆಲದಲ್ಲಿ ಬೆಳೆದು ಬಂದ ತಿಳಿವಳಿಕೆ. ಕಾಯಕದಿಂದ ಬಂದದ್ದು ದಾಸೋಹಕ್ಕೆ ಸಲ್ಲಬೇಕಾದರೆ ಆ ಕಾಯಕ ಯಾರಿಗೂ ಕೇಡು ಮಾಡದಂತಹುದಾಗಿರಬೇಕು. ಬಾಗಿಲಿಗೆ ಬಂದ ಹೊಸ ಚೀಲವನ್ನು ಬಿಚ್ಚಿ ನೋಡುವುದು ಎಷ್ಟು ಅಗತ್ಯವೋ ಮೂಲೆಯಲ್ಲಿರುವ ಹಳೆಯ ಚೀಲವನ್ನು ಬಿಚ್ಚಿ ನೋಡುವುದೂ ಅಷ್ಟೇ ಅಗತ್ಯವೆಂಬುದನ್ನು ಪ್ರಪಂಚದ ರಾಷ್ಟ್ರಗಳು ಐವತ್ತು ವರ್ಷಗಳ ಅನುಭವದಿಂದ ಕಲಿತಿವೆ. ಒಳ್ಳೆಯ ಉಗ್ರಾಣಿಕರಿಗೆ ಇದು ಮೊದಲಿನಿಂದಲೂ ಗೊತ್ತಿದ್ದ ವಿಷಯ.